ಬ್ಯಾಗ್ ಒತ್ತುವುದನ್ನು ನಿಲ್ಲಿಸಿದರೂ ನಾಯಿ ಉಸಿರೆಳೆಯುತ್ತಿಲ್ಲ, ಆಕ್ಸಿಜನ್ 99 ಇದೆ. ಯಾಕೆ?

ಸರ್ಜರಿ ಪಿಜಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 18 ಕೆ.ಜಿ. ತೂಕದ ಹೆಣ್ಣು ನಾಯಿ, ಗರ್ಭಕೋಶ ತೆಗೆಯುವ ಆಪರೇಷನ್. ನೋವು ತಗ್ಗಿಸುವ ಬ್ಯುಟಾರ್ಫನಾಲ್ ಕೊಟ್ಟು ಪ್ರೊಪೊಫಾಲ್‌ನಲ್ಲಿ ಮಲಗಿಸಿ, ಟ್ಯೂಬ್ ಹಾಕಿ, 100% ಆಕ್ಸಿಜನ್ ಜೊತೆ ಅರಿವಳಿಕೆ ಅನಿಲ ಐಸೊಫ್ಲೂರೇನ್ 2% ಇಟ್ಟಿದ್ದು. ಪ್ರೊಪೊಫಾಲ್ ಒಳಹೋದ ಕೂಡಲೇ ಉಸಿರು ನಿಂತಿದ್ದರಿಂದ ನಿಮಿಷಕ್ಕೆ ಸುಮಾರು 20 ಸಲ ಯಂತ್ರದ ಗಾಳಿಚೀಲ (ಬ್ಯಾಗ್) ಒತ್ತಿ ಉಸಿರು ಕೊಡಲಾಯಿತು. ಎಂಡ್ ಟೈಡಲ್ ಸಿಒ2 (ಉಸಿರು ಬಿಟ್ಟ ಕೊನೆಯಲ್ಲಿ ಹೊರಬರುವ ಗಾಳಿಯ ಇಂಗಾಲದ ಡೈಆಕ್ಸೈಡ್ ಒತ್ತಡ) 24 ಮಿ.ಮೀ. ಪಾದರಸ, ಎಸ್‌ಪಿಒ2 (ರಕ್ತದ ಆಕ್ಸಿಜನ್ ಮಟ್ಟ) 99, ಹೃದಯ ಬಡಿತ 96, ಬಿಪಿ ಸರಿ ಇದೆ. ಒತ್ತುವುದನ್ನು ನಿಲ್ಲಿಸಿ ಒಂದೂವರೆ ನಿಮಿಷ ಕಾದರೂ ನಾಯಿ ಉಸಿರೆಳೆಯಲಿಲ್ಲ. ಹೆದರಿ ಮತ್ತೆ ಒತ್ತಿದ್ದಾಯಿತು, ಮತ್ತೆ ನಿಲ್ಲಿಸಿದಾಗಲೂ ಹಾಗೇ.

ಕೇಳಬೇಕಿರುವುದು ಎರಡು. ಇಂಥ ಹೊತ್ತಲ್ಲಿ ಸರಿಯಾದ ಕ್ರಮ ಯಾವುದು? ಮತ್ತೆ, ಸಿಒ2 ಕಡಿಮೆಯಾಗಿದೆ ಅಂತ ಕಂಡುಹಿಡಿದು ಉಸಿರನ್ನು ತಡೆಯುತ್ತಿರುವುದು ನರವ್ಯೂಹದ ಯಾವ ಭಾಗ? ಪಠ್ಯದಲ್ಲಿ ‘ಮೆಡುಲ್ಲಾದ ಉಸಿರಾಟ ಕೇಂದ್ರ’ (ಮೆಡುಲ್ಲಾ ಅಂದರೆ ಮೆದುಳುಕಾಂಡದ ಕೆಳಭಾಗ) ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ.


ಅರಿವಳಿಕೆ ಟೇಬಲ್

ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಎರಡನೆಯದನ್ನು ಬಲ್ಲವರು ಇಲ್ಲೇ ಇದ್ದಾರೆ.

ನೀವು ಕೊಟ್ಟ 24 ಅನ್ನುವ ಅಂಕಿಯೇ ಉತ್ತರ. ಎಚ್ಚರವಿರುವ ಆರೋಗ್ಯವಂತ ನಾಯಿಯ ಅಪಧಮನಿ ರಕ್ತದಲ್ಲಿ ಸಿಒ2 ಒತ್ತಡ ಹೆಚ್ಚುಕಡಿಮೆ 35ರಿಂದ 42 ಮಿ.ಮೀ. ಐಸೊಫ್ಲೂರೇನ್ ಕೊಟ್ಟು ತಾನಾಗಿ ಉಸಿರಾಡಲು ಬಿಟ್ಟರೆ ಅದು 45–50ಕ್ಕೆ ಏರಿ ನಿಲ್ಲುತ್ತದೆ, ಯಾಕೆಂದರೆ ಮದ್ದು ಉಸಿರಾಟದ ಪ್ರತಿಕ್ರಿಯೆಯನ್ನು ಮಂಕು ಮಾಡುತ್ತದೆ. ಆ ಮಟ್ಟದಿಂದ ಸ್ವಲ್ಪ ಕೆಳಗೆ ಇಳಿಸಿದರೆ ಸಾಕು, ಉಸಿರು ಪೂರ್ತಿ ನಿಲ್ಲುತ್ತದೆ. ಇದನ್ನು ಏಪ್ನಿಯಾ ಮಿತಿ ಅನ್ನುತ್ತೇವೆ. ಹಾಲೋಥೇನ್ ಅರಿವಳಿಕೆ ಪಡೆದ ಮನುಷ್ಯರಲ್ಲಿ ಅಳೆದಾಗ ಈ ಅಂತರ 5ರಿಂದ 9 ಮಿ.ಮೀ. ಬಂದಿತ್ತು, ನಾಯಿಗೂ ಟೇಬಲ್ ಪಕ್ಕದಲ್ಲಿ ಅದೇ ಅಂದಾಜು ಹಿಡಿಯಬಹುದು. ಅಂದರೆ ನಿಮ್ಮ ನಾಯಿಯ ಮಿತಿ 40ರ ಆಸುಪಾಸು. ನೀವು ಅದನ್ನು 24ಕ್ಕೆ ತಂದಿದ್ದೀರಿ.

ಈಗ ಕಾಯುವ ಲೆಕ್ಕ. ಉಸಿರು ನಿಂತಾಗ ಸಿಒ2 ಮೊದಲ ನಿಮಿಷದಲ್ಲಿ ಸ್ವಲ್ಪ ಜೋರಾಗಿ, ಆಮೇಲೆ ನಿಮಿಷಕ್ಕೆ 3–4 ಮಿ.ಮೀ.ನಂತೆ ಏರುತ್ತದೆ. ಇದೂ ಮನುಷ್ಯರ ಅಂಕಿಯೇ. ಬಹಳ ಹೊತ್ತು ಜೋರಾಗಿ ಒತ್ತಿದ್ದರೆ ದೇಹದೊಳಗಿನ ಸಿಒ2 ಸಂಗ್ರಹವೂ ಖಾಲಿಯಾಗಿರುತ್ತದೆ, ಏರಿಕೆ ಇನ್ನೂ ನಿಧಾನ. 24ರಿಂದ 40ಕ್ಕೆ ಬರಲು ಮೂರೂವರೆ, ನಾಲ್ಕು ನಿಮಿಷ ಬೇಕು. ಒಂದೂವರೆ ನಿಮಿಷಕ್ಕೆ ನೀವು ಕೈಹಾಕಿ ಮತ್ತೆ 24ಕ್ಕೆ ಇಳಿಸಿದಿರಿ, ಗಡಿಯಾರ ಮತ್ತೆ ಮೊದಲಿನಿಂದ ಶುರುವಾಯಿತು.

ಮಾಡಬೇಕಾದದ್ದು: ಆಕ್ಸಿಜನ್ ಹರಿವು ನಿಲ್ಲಿಸಬೇಡಿ, ಟ್ಯೂಬ್ ಬಿಚ್ಚಬೇಡಿ. ನಿಮಿಷಕ್ಕೆ 3–4 ಸಲ ಮಾತ್ರ, ಪ್ರತಿ ಕೆ.ಜಿ.ಗೆ 10–12 ಮಿ.ಲೀ. ಲೆಕ್ಕದಲ್ಲಿ, ಅಂದರೆ ಈ ನಾಯಿಗೆ 180–215 ಮಿ.ಲೀ., ಒತ್ತಿ. ಗೇಜ್ 10–15 ಸೆಂ.ಮೀ. ನೀರಿನ ಒತ್ತಡ ತೋರಿದರೆ ಸಾಕು, 20 ದಾಟಬಾರದು. ಹೀಗೆ ಅಪರೂಪಕ್ಕೆ ಒತ್ತುವುದರಿಂದ ಎರಡು ಲಾಭ: ಶ್ವಾಸಕೋಶ ಕುಸಿಯುವುದಿಲ್ಲ, ಮತ್ತು ಸಿಒ2 ಎಲ್ಲಿಗೆ ಬಂತು ಅಂತ ಗೊತ್ತಾಗುತ್ತದೆ. ಉಸಿರು ನಿಂತಿದ್ದಾಗ ಕ್ಯಾಪ್ನೋಗ್ರಾಫ್ (ಹೊರಬರುವ ಗಾಳಿಯ ಸಿಒ2 ಅಳೆಯುವ ಯಂತ್ರ) ಸೊನ್ನೆ ತೋರಿಸುತ್ತದೆ, ಅದನ್ನು ನೋಡಿ ‘ಸಿಒ2 ಇನ್ನೂ ಇಳಿಯಿತು’ ಅಂದುಕೊಂಡು ಗಾಬರಿಯಾಗುವವರಿದ್ದಾರೆ. ಗಾಳಿ ಹೊರಬಂದಾಗ ಮಾತ್ರ ಆ ಯಂತ್ರಕ್ಕೆ ಹೇಳಲು ಏನಾದರೂ ಇರುತ್ತದೆ.

ವೇಪರೈಸರ್ (ಐಸೊಫ್ಲೂರೇನ್ ಪ್ರಮಾಣ ಹೊಂದಿಸುವ ಸಾಧನ) ಕೂಡ ನೋಡಿ. ನಾಯಿಯಲ್ಲಿ ಐಸೊಫ್ಲೂರೇನ್‌ನ ಮ್ಯಾಕ್ (ಅರ್ಧದಷ್ಟು ಪ್ರಾಣಿಗಳು ನೋವಿಗೆ ಮಿಸುಕದಂತೆ ಮಾಡುವ ಕನಿಷ್ಠ ಪ್ರಮಾಣ) ಸುಮಾರು 1.3%. ತಾನಾಗಿ ಉಸಿರಾಡುವ ಪ್ರಾಣಿಗೆ ಒಂದು ರಕ್ಷಣೆ ಇದೆ: ಅರಿವಳಿಕೆ ಆಳವಾದಂತೆ ಉಸಿರು ಕಡಿಮೆಯಾಗುತ್ತದೆ, ಮದ್ದು ಒಳಹೋಗುವುದೂ ಕಡಿಮೆಯಾಗುತ್ತದೆ. ಬ್ಯಾಗ್ ಒತ್ತಿದಾಗ ಆ ರಕ್ಷಣೆ ಇಲ್ಲವಾಗುತ್ತದೆ. 2%ರಲ್ಲಿ ನಿಮಿಷಕ್ಕೆ 20 ಸಲ ಒತ್ತಿದರೆ ಡಯಲ್ ಮುಟ್ಟದೆಯೂ ನಾಯಿ ಆಳಕ್ಕೆ ಇಳಿಯುತ್ತದೆ. ದವಡೆಯ ಬಿಗಿ, ಕಣ್ಣಿನ ಸ್ಥಾನ ನೋಡಿಕೊಂಡು 1–1.2ಕ್ಕೆ ತನ್ನಿ. ಸಿಒ2 45–50, ಬೇಕಿದ್ದರೆ 55ರವರೆಗೂ ಬಿಡಿ. ಆರೋಗ್ಯವಂತ ನಾಯಿಗೆ ತೊಂದರೆಯಿಲ್ಲ. ತಲೆಗೆ ಪೆಟ್ಟು ಬಿದ್ದ ಪ್ರಾಣಿಗೆ ಮಾತ್ರ ಹೀಗೆ ಬಿಡಬಾರದು, ಸಿಒ2 ಏರಿದರೆ ಮೆದುಳಿನ ರಕ್ತನಾಳ ಹಿಗ್ಗಿ ತಲೆಬುರುಡೆಯೊಳಗಿನ ಒತ್ತಡ ಹೆಚ್ಚುತ್ತದೆ.

55–60ಕ್ಕೆ ಬಂದರೂ ಉಸಿರಿಲ್ಲದಿದ್ದರೆ ಆಗ ಕಾರಣ ಬೇರೆ: ಅರಿವಳಿಕೆ ಆಳ, ಫೆಂಟನಿಲ್‌ನಂಥ ಓಪಿಯಾಯ್ಡ್ ನೋವುಮದ್ದು, ಮೈ ತಣ್ಣಗಾಗಿರುವುದು, ಸ್ನಾಯು ಸಡಿಲಿಸುವ ಮದ್ದು. ಉಸಿರು ಕೆರಳಿಸುವ ಡಾಕ್ಸಾಪ್ರಾಮ್ ಸಿರಿಂಜು ಮೊದಲ ಉಪಾಯವಲ್ಲ. ಸಿಒ2ವನ್ನು 24ಕ್ಕೆ ಇಳಿಸಿ ಅದರ ಮೇಲೆ ಡಾಕ್ಸಾಪ್ರಾಮ್ ಹಾಕುವುದು ನನ್ನ ಕಣ್ಣಿಗೆ ಅರ್ಥವಿಲ್ಲದ ಕೆಲಸ.

ಕೊನೆಗೆ, 24 ನಿಜವಾದ ಅಂಕಿಯೇ ಅನ್ನುವುದನ್ನೂ ಖಚಿತ ಮಾಡಿಕೊಳ್ಳಿ. ಟ್ಯೂಬಿನ ಕಫ್ (ಗಾಳಿ ತುಂಬಿದ ಉಂಗುರ) ಸುತ್ತ ಸೋರಿಕೆ, ಸ್ಯಾಂಪ್ಲಿಂಗ್ ನಳಿಕೆಯಲ್ಲಿ ನೀರು ಅಥವಾ ಬಿರುಕು, ಸಣ್ಣ ಪ್ರಾಣಿಗೆ ಬಿಟ್ಟ ಗಾಳಿ ಮರಳದ ನಾನ್-ರೀಬ್ರೀದಿಂಗ್ ಸರ್ಕ್ಯೂಟ್‌ನಲ್ಲಿ ಹೆಚ್ಚಿನ ಹರಿವು ಇದ್ದರೆ ಅಂಕಿ ಸುಳ್ಳೇ ಕಡಿಮೆ ಬರುತ್ತದೆ. ಅಲೆಯ ತಲೆ ಚಪ್ಪಟೆಯಾಗಿದ್ದರೆ ನಂಬಬಹುದು, ಮೊನಚಾಗಿದ್ದರೆ ಅನುಮಾನಿಸಿ. ಬಿಪಿ ಬಿದ್ದು ಅಂಕಿ ಬಿದ್ದರೆ ಅದು ರಕ್ತಚಲನೆಯ ಸಮಸ್ಯೆ. ನಿಮ್ಮಲ್ಲಿ ಬಿಪಿ ಸರಿಯಿದೆ ಅಂದದ್ದರಿಂದ ಅತಿಯಾಗಿ ಒತ್ತಿದ್ದೇ ಕಾರಣ ಅನ್ನುತ್ತಿದ್ದೇನೆ.


ನರಕೋಶ

ಎರಡನೆಯ ಪ್ರಶ್ನೆಗೆ. ‘ಉಸಿರಾಟ ಕೇಂದ್ರ’ ಅನ್ನುವ ಪದ ಮೂರು ಬೇರೆ ಬೇರೆ ಕೆಲಸಗಳನ್ನು ಒಂದೇ ಚೀಲಕ್ಕೆ ತುಂಬುತ್ತದೆ. ಸಿಒ2 ಪತ್ತೆ ಮಾಡುವವು ಒಂದು ಕಡೆ, ತಾಳ ಹಾಕುವವು ಇನ್ನೊಂದು ಕಡೆ, ಸ್ನಾಯುವಿಗೆ ಆಜ್ಞೆ ಒಯ್ಯುವವು ಮತ್ತೊಂದು ಕಡೆ.

ಪತ್ತೆ ಮಾಡುವ ಜಾಗಗಳಲ್ಲಿ ಮೊದಲನೆಯದು ಕರೋಟಿಡ್ ಬಾಡಿ. ಕುತ್ತಿಗೆಯಲ್ಲಿ ಕರೋಟಿಡ್ ಧಮನಿ ಕವಲೊಡೆಯುವಲ್ಲಿ ಕೂತಿರುವ ಪುಟ್ಟ ಗಂಟು. ಅದರೊಳಗಿನ ಗ್ಲೋಮಸ್ ಕೋಶಗಳು ಆಕ್ಸಿಜನ್ ಇಳಿತವನ್ನೂ ಸಿಒ2 ಮತ್ತು ಆಮ್ಲತೆಯ ಏರಿಕೆಯನ್ನೂ ಗುರುತಿಸುತ್ತವೆ. ಸುದ್ದಿ 9ನೇ ಕಪಾಲ ನರದ ಮೂಲಕ ಮೆಡುಲ್ಲಾದಲ್ಲಿ ಅದನ್ನು ಬರಮಾಡಿಕೊಳ್ಳುವ ನರಕೋಶಗಳ ಗುಂಪು, ನ್ಯೂಕ್ಲಿಯಸ್ ಟ್ರಾಕ್ಟಸ್ ಸಾಲಿಟೇರಿಯಸ್‌ಗೆ ಹೋಗುತ್ತದೆ. ಪ್ರತಿಕ್ರಿಯೆ ಕೆಲವೇ ಸೆಕೆಂಡುಗಳಲ್ಲಿ ಬರುತ್ತದೆ. ಕರೋಟಿಡ್ ಸೈನಸ್ ಮತ್ತು ಮಹಾಧಮನಿಯ ಪಾತ್ರ ತೋರಿಸಿದ್ದಕ್ಕೇ ಬೆಲ್ಜಿಯಂನ ಕೊರ್ನೇಯ್ ಹೈಮಾನ್ಸ್‌ಗೆ 1938ರ ನೊಬೆಲ್ ಬಂದದ್ದು.

ಎರಡನೆಯದು ಮೆದುಳಿನ ಒಳಗೆ. ಸಿಒ2 ರಕ್ತ-ಮೆದುಳು ತಡೆಗೋಡೆಯನ್ನು ಸಲೀಸಾಗಿ ದಾಟುತ್ತದೆ. ಹೈಡ್ರೋಜನ್ ಅಯಾನು ಮತ್ತು ಬೈಕಾರ್ಬನೇಟ್ ಹಾಗೆ ದಾಟುವುದಿಲ್ಲ. ಒಳಗೆ ಹೋದ ಸಿಒ2 ನೀರಿನೊಂದಿಗೆ ಸೇರಿ ಆಮ್ಲವಾಗುತ್ತದೆ. ಮೆದುಳಿನ ಸುತ್ತಲ ದ್ರವದಲ್ಲಿ ಪ್ರೋಟೀನು ತೀರಾ ಕಡಿಮೆ, ಆಮ್ಲವನ್ನು ಹೀರಿಕೊಳ್ಳಲು ಹೆಚ್ಚೇನೂ ಇಲ್ಲ, ಆದ್ದರಿಂದ ಸಿಒ2 ಸ್ವಲ್ಪ ಬದಲಾದರೂ ಅಲ್ಲಿನ ಪಿಎಚ್ ಎದ್ದು ಕಾಣುವಷ್ಟು ಬದಲಾಗುತ್ತದೆ. ಇದನ್ನು ಗುರುತಿಸುವವುಗಳಲ್ಲಿ ಅತಿ ಚೆನ್ನಾಗಿ ಗೊತ್ತಿರುವುದು ರೆಟ್ರೋಟ್ರಪೆಜಾಯ್ಡ್ ನ್ಯೂಕ್ಲಿಯಸ್, ಚಿಕ್ಕದಾಗಿ ಆರ್‌ಟಿಎನ್. ಮೆಡುಲ್ಲಾದ ಹೊಟ್ಟೆಯ ಕಡೆ, ಅಂದರೆ ತಳಬದಿಯಲ್ಲಿ, ಮೇಲ್ಮೈಗೆ ಅಂಟಿಕೊಂಡಂತೆ, ಮುಖದ ನರದ ಕೇಂದ್ರದ ಕೆಳಗಿದೆ. ಸುಂಡಿಲಿಯಲ್ಲಿ ಇವು ಕೆಲವು ನೂರು ಕೋಶಗಳಷ್ಟೇ.

ಈ ಕೋಶಗಳು ಆಮ್ಲವನ್ನು ಅರಿಯಲು ಎರಡು ಅಣುಗಳನ್ನು ಬಳಸುತ್ತವೆ. ಟಾಸ್ಕ್-2 ಅನ್ನುವ ಪೊಟ್ಯಾಸಿಯಂ ಚಾನೆಲ್ ಆಮ್ಲದಲ್ಲಿ ಮುಚ್ಚುತ್ತದೆ, ಆಗ ಕೋಶ ಉದ್ರೇಕಗೊಳ್ಳುತ್ತದೆ. ಜಿಪಿಆರ್4 ಅನ್ನುವ ಗ್ರಾಹಕಕ್ಕೆ ಹೈಡ್ರೋಜನ್ ಅಯಾನೇ ಕೀಲಿ. 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಲಿಗಳಿಂದ ಎರಡನ್ನೂ ತೆಗೆದಾಗ ಸಿಒ2ಗೆ ಉಸಿರು ಹೆಚ್ಚುವುದು ಹೆಚ್ಚುಕಡಿಮೆ ಇಲ್ಲವಾಯಿತು. ಮನುಷ್ಯರಲ್ಲೂ ಇದಕ್ಕೆ ಸಾಕ್ಷಿ ಇದೆ. ಆರ್‌ಟಿಎನ್ ಕೋಶಗಳು ರೂಪುಗೊಳ್ಳಲು ಫಾಕ್ಸ್2ಬಿ ಜೀನ್ ಬೇಕು. ಅದರಲ್ಲಿ ದೋಷವಿದ್ದು ಹುಟ್ಟುವ ಮಕ್ಕಳು ನಿದ್ದೆಯಲ್ಲಿ ಸಿಒ2 ಎಷ್ಟೇ ಏರಿದರೂ ಉಸಿರು ಹೆಚ್ಚಿಸುವುದಿಲ್ಲ, ರಾತ್ರಿ ವೆಂಟಿಲೇಟರ್ ಬೇಕಾಗುತ್ತದೆ.

ತಾಳ ಹಾಕುವುದು ಮೆಡುಲ್ಲಾದಲ್ಲೇ ಇರುವ ಇನ್ನೊಂದು ನರಕೋಶಗಳ ಗುಂಪು, ಪ್ರೀ-ಬಾಟ್ಸಿಂಗರ್ ಸಂಕೀರ್ಣ, 1991ರಲ್ಲಿ ಗುರುತಿಸಿದ್ದು. ಆರ್‌ಟಿಎನ್‌ನಿಂದ ಅಲ್ಲಿಗೆ ಉದ್ರೇಕದ ಸಂದೇಶ, ಅಲ್ಲಿಂದ ಬೆನ್ನುಹುರಿಯ ಫ್ರೆನಿಕ್ ಕೋಶಗಳಿಗೆ, ಕೊನೆಗೆ ವಪೆಗೆ. ಮನುಷ್ಯನಲ್ಲಿ ಫ್ರೆನಿಕ್ ನರ ಕುತ್ತಿಗೆಯ 3ರಿಂದ 5ನೇ ನರಮೂಲಗಳಿಂದ ಹೊರಡುತ್ತದೆ, ನಾಯಿಯಲ್ಲಿ 5ರಿಂದ 7ರಿಂದ. ನಿದ್ದೆಯಲ್ಲೂ ಅರಿವಳಿಕೆಯಲ್ಲೂ ಈ ತಾಳ ತಾನೇ ನಡೆಯಲು ಸಿಒ2ನ ಒತ್ತಾಸೆ ಬೇಕೇ ಬೇಕು. ಎಚ್ಚರದಲ್ಲಿ ಮೆದುಳಿನ ಇತರ ಭಾಗಗಳಿಂದಲೂ ಉದ್ರೇಕ ಬರುವುದರಿಂದ, ಎಚ್ಚರದ ನಾಯಿ ಏದುಸಿರು ಬಿಟ್ಟು ಸಿಒ2 ಇಳಿಸಿಕೊಂಡರೂ ಅರಿವಳಿಕೆಯಲ್ಲಿರುವ ನಾಯಿಯಂತೆ ಉಸಿರು ಕಟ್ಟಿ ನಿಲ್ಲುವುದಿಲ್ಲ.

ಆಕ್ಸಿಜನ್ 99 ಇದ್ದರೂ ಯಾಕೆ ಅಂದಿರಿ. 99 ಇರುವುದೂ ಒಂದು ಕಾರಣ! ಆಕ್ಸಿಜನ್ ಕೊರತೆಯಿಂದ ಉಸಿರು ಜೋರಾಗುವುದು ಅಪಧಮನಿ ಆಕ್ಸಿಜನ್ ಒತ್ತಡ 60 ಮಿ.ಮೀ.ಗಿಂತ ಕೆಳಗಿಳಿದಾಗ. 100% ಆಕ್ಸಿಜನ್‌ನಲ್ಲಿ ಅದು 400–500 ಇರುತ್ತದೆ, ಕರೋಟಿಡ್ ಬಾಡಿ ಬಹುಪಾಲು ಸುಮ್ಮನಾಗಿರುತ್ತದೆ. ಜೊತೆಗೆ, ಎಚ್ಚರದ ನಾಯಿಗಳಲ್ಲಿ ಕರೋಟಿಡ್ ಬಾಡಿಗೆ ಪ್ರತ್ಯೇಕ ರಕ್ತ ಹರಿಸಿ ಅದನ್ನು ಮಂಕಾಗಿಸಿದಾಗ, ಮೆದುಳಿನೊಳಗಿನ ಸಿಒ2 ಪ್ರತಿಕ್ರಿಯೆಯೂ ಕುಗ್ಗಿದ್ದು ಕಂಡಿದೆ. ಹಾಗಾಗಿ ‘ಸಿಒ2 ಪ್ರತಿಕ್ರಿಯೆಯಲ್ಲಿ ಮೂರರಲ್ಲಿ ಎರಡು ಪಾಲು ಮೆದುಳು, ಒಂದು ಪಾಲು ಕರೋಟಿಡ್’ ಅನ್ನುವ ಪಠ್ಯದ ಲೆಕ್ಕವನ್ನು ಎರಡು ಬೇರೆ ಖಾತೆಗಳಂತೆ ಓದಬೇಡಿ.

ಈ ವ್ಯವಸ್ಥೆ ಎಷ್ಟು ಸೂಕ್ಷ್ಮ ಅನ್ನುವುದನ್ನು ಹಾಲ್ಡೇನ್ ಮತ್ತು ಪ್ರೀಸ್ಟ್ಲಿ 1905ರಲ್ಲೇ ತೋರಿಸಿದ್ದರು: ಶ್ವಾಸಕೋಶದ ಗಾಳಿಯಲ್ಲಿ ಸಿಒ2 ಬರೀ 0.2–0.3% ಏರಿದರೆ ಸಾಕು, ಮನುಷ್ಯನ ಉಸಿರಾಟ ಇಮ್ಮಡಿಯಾಗುತ್ತದೆ.


ರಾಸಾಯನಿಕ

ನರಕೋಶ ಅವರು ಬರೆದದ್ದು ಸರಿ, ಆದರೆ ಆರ್‌ಟಿಎನ್‌ಗೆ ಕಿರೀಟ ತೊಡಿಸಿದಂತಾಯಿತು. ಮೂರು ಸಂಗತಿ ಸೇರಿಸಬೇಕು. ಸೆರೊಟೋನಿನ್ ಕೋಶಗಳೇ ಇಲ್ಲದ ಇಲಿಗಳಲ್ಲಿ ಸಿಒ2 ಪ್ರತಿಕ್ರಿಯೆ ಅರ್ಧದಷ್ಟು ಇಳಿಯುತ್ತದೆ, ಅಂದರೆ ಆ ಕೋಶಗಳಿರುವ ರಾಫೆ ಭಾಗಕ್ಕೂ ದೊಡ್ಡ ಪಾಲಿದೆ. ಮೆಡುಲ್ಲಾದ ಮೇಲ್ಮೈಯ ಬೆಂಬಲ ಕೋಶಗಳಾದ ಆಸ್ಟ್ರೋಸೈಟ್‌ಗಳು ಆಮ್ಲ ಹೆಚ್ಚಾದಾಗ ಎಟಿಪಿ ಅನ್ನುವ ಅಣುವನ್ನು ಬಿಡುಗಡೆ ಮಾಡಿ ಪಕ್ಕದ ನರಕೋಶಗಳನ್ನು ಉದ್ರೇಕಿಸುತ್ತವೆ (2010). ಇನ್ನು ಕನೆಕ್ಸಿನ್ 26 ಅನ್ನುವ ಪ್ರೋಟೀನಿಗೆ ಸಿಒ2 ಅಣು ನೇರವಾಗಿಯೇ ಅಂಟಿ ಅದನ್ನು ತೆರೆಯುತ್ತದೆ, ಪಿಎಚ್‌ನ ಹಂಗಿಲ್ಲದೆ. ಆದ್ದರಿಂದ ‘ಮೆದುಳು ಅರಿಯುವುದು ಆಮ್ಲವನ್ನು ಮಾತ್ರ’ ಅನ್ನುವುದು ಪೂರ್ತಿ ನಿಜವಲ್ಲ.


ನರಕೋಶ

ಒಪ್ಪುತ್ತೇನೆ, ಅರ್ಧ. ಸೆರೊಟೋನಿನ್ ಕೋಶಗಳು ಸ್ವತಃ ಸಿಒ2 ಅರಿಯುತ್ತವೆಯೋ, ಅಥವಾ ಆರ್‌ಟಿಎನ್ ಮತ್ತು ತಾಳದ ಕೋಶಗಳನ್ನು ಹುರಿದುಂಬಿಸಿ ಇಡುತ್ತವೆಯೋ ಅನ್ನುವ ವಾದ ಮುಗಿದಿಲ್ಲ. ಅವುಗಳನ್ನು ತೆಗೆದರೆ ಪ್ರತಿಕ್ರಿಯೆ ಇಳಿಯುವುದರಿಂದ ಅವೇ ಸಂವೇದಕ ಅಂತ ಸಾಬೀತಾಗುವುದಿಲ್ಲ. ಕನೆಕ್ಸಿನ್ ಬಗ್ಗೆ ನಿಮ್ಮ ಮಾತು ಸರಿ, ಆದರೆ ಜಿಪಿಆರ್4 ಮತ್ತು ಟಾಸ್ಕ್-2 ಎರಡೂ ಇಲ್ಲದಾಗ ಉಳಿಯುವ ಪ್ರತಿಕ್ರಿಯೆ ಬಹಳ ಕಡಿಮೆ ಅನ್ನುವುದನ್ನೂ ಪಕ್ಕದಲ್ಲಿ ಇಟ್ಟು ನೋಡಬೇಕು.


ಸರ್ಜರಿ ಪಿಜಿ

ತುಂಬಾ ಧನ್ಯವಾದ ಸರ್, ನಿಮಿಷಕ್ಕೆ 3–4ರ ಲೆಕ್ಕ ಈಗ ಅರ್ಥವಾಯಿತು. ಇನ್ನೆರಡು ಕೇಳಲೇ? ಬುಲ್‌ಡಾಗ್, ಪಗ್‌ಗಳಿಗೂ ಇದೇ 45–50 ಗುರಿಯೇ? ಹಕ್ಕಿ, ಆಮೆಗಳಿಗೂ ಇದೇ ನಿಯಮವೇ?


ಗಿಳಿ ಆಮೆ ಇತ್ಯಾದಿ

ಹಕ್ಕಿ, ಆಮೆ ನನಗೆ ಬಿಡಿ.

ಹಕ್ಕಿಯಲ್ಲಿ ಕರೋಟಿಡ್ ಬಾಡಿ ಮತ್ತು ಮೆದುಳಿನ ಸಂವೇದಕಗಳಲ್ಲದೆ ಮೂರನೆಯದೊಂದು ಇದೆ: ಶ್ವಾಸಕೋಶದ ಒಳಗೇ ಇರುವ ಸಿಒ2 ಗ್ರಾಹಕಗಳು, ವೇಗಸ್ ನರದ ತುದಿಗಳು. ಇವುಗಳ ನಡೆ ತಿರುಗುಮುರುಗು. ಸಿಒ2 ಏರಿದರೆ ಇವು ಸುಮ್ಮನಾಗುತ್ತವೆ, ಇಳಿದರೆ ಜೋರಾಗಿ ಕೂಗಿ ಉಸಿರನ್ನು ತಡೆಯುತ್ತವೆ. ಪ್ರತಿ ಉಸಿರಿನೊಳಗೇ ಸಿಒ2 ಬದಲಾವಣೆಯನ್ನು ಹಿಡಿಯುವಷ್ಟು ವೇಗ ಇವಕ್ಕಿದೆ. ಹಾಗಾಗಿ ಗಿಳಿಗೆ ಬ್ಯಾಗ್ ಸ್ವಲ್ಪ ಜೋರಾಗಿ ಒತ್ತಿದರೂ ಉಸಿರು ತಕ್ಷಣ ನಿಲ್ಲುತ್ತದೆ. ಹಕ್ಕಿಯ ಕ್ಯಾಪ್ನೋಗ್ರಾಫ್ ಓದುವಾಗ ಇನ್ನೊಂದು ಎಚ್ಚರ ಬೇಕು. ನಾಯಿಯಲ್ಲಿ ಎಂಡ್ ಟೈಡಲ್ ಅಂಕಿ ಅಪಧಮನಿಗಿಂತ 2–5 ಮಿ.ಮೀ. ಕಡಿಮೆ ಇರುತ್ತದೆ. ಹಕ್ಕಿಯ ಶ್ವಾಸಕೋಶದಲ್ಲಿ ರಕ್ತ ಮತ್ತು ಗಾಳಿ ಅಡ್ಡಲಾಗಿ ಹರಿಯುವುದರಿಂದ ಹೊರಬರುವ ಗಾಳಿಯ ಸಿಒ2 ಅಪಧಮನಿಯದಕ್ಕಿಂತ ಹೆಚ್ಚೇ ಇರಬಹುದು. ಆಫ್ರಿಕನ್ ಗ್ರೇ ಗಿಳಿಗಳಲ್ಲಿ 30–45 ತೋರಿದರೆ ಉಸಿರಾಟ ಸಾಕಷ್ಟಿದೆ ಅಂತ ಲೆಕ್ಕ.

ಹಕ್ಕಿಗಳ ಬಗ್ಗೆ ಬರೆಯುತ್ತಾ ಒಂದು ಅಡ್ಡಮಾತು. ಚಳಿಗಾಲಕ್ಕೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಬರುತ್ತದೆ. ಎತ್ತರದಲ್ಲಿ ಆಕ್ಸಿಜನ್ ಕಡಿಮೆಯಾದಾಗ ಅದು ಬಹಳ ಆಳವಾಗಿ ಉಸಿರೆಳೆಯುತ್ತದೆ, ಸಿಒ2 ಕುಸಿಯುತ್ತದೆ. ಮನುಷ್ಯನಿಗೆ ಹಾಗಾದರೆ ಮೆದುಳಿನ ರಕ್ತನಾಳ ಸಂಕುಚಿತಗೊಂಡು ತಲೆ ಸುತ್ತುತ್ತದೆ. ಈ ಬಾತಿನ ಮೆದುಳಿಗೆ ಹೋಗುವ ರಕ್ತ ಸಿಒ2 ಇಳಿದರೂ ಕಡಿಮೆಯಾಗುವುದಿಲ್ಲ ಅನ್ನುವುದನ್ನು 1986ರಲ್ಲೇ ಅಳೆದಿದ್ದಾರೆ.

ಆಮೆ ಎಚ್ಚರದಲ್ಲಿದ್ದಾಗಲೇ ನಾಲ್ಕಾರು ಉಸಿರು ಒಟ್ಟಿಗೆ ಎಳೆದು ಆಮೇಲೆ ಬಹಳ ಹೊತ್ತು ಸುಮ್ಮನಿರುವ ಪ್ರಾಣಿ. ಸರೀಸೃಪಗಳಲ್ಲಿ ಆಕ್ಸಿಜನ್ ಇಳಿತದ ಒತ್ತಾಸೆಯೂ ಮುಖ್ಯವಾದ್ದರಿಂದ 100% ಆಕ್ಸಿಜನ್‌ನಲ್ಲಿ ಇಟ್ಟರೆ ಉಸಿರು ಮರಳುವುದು ತಡವಾಗುತ್ತದೆ ಅಂತ, ಎಬ್ಬಿಸುವ ಹೊತ್ತಿಗೆ ಕೈಯಲ್ಲಿ ಒತ್ತುವ ಆಂಬು ಬ್ಯಾಗ್‌ನಲ್ಲಿ ಮಾಮೂಲಿ ಗಾಳಿ, ನಿಮಿಷಕ್ಕೆ 1–2 ಸಲ ಕೊಡುವ ರೂಢಿ ಇದೆ. ಮೈ ಬೆಚ್ಚಗಿಡುವುದು ಅದಕ್ಕಿಂತ ಮುಖ್ಯ ಅನ್ನುತ್ತೇನೆ, ತಣ್ಣಗಿರುವ ಆಮೆಯಲ್ಲಿ ಸಿಒ2 ಉತ್ಪತ್ತಿಯೇ ತೀರಾ ಕಡಿಮೆ. ಹೃದಯದೊಳಗೆ ರಕ್ತ ಬೆರೆಯುವುದರಿಂದ ಆಮೆಯ ಎಂಡ್ ಟೈಡಲ್ ಅಂಕಿಯನ್ನು ನಂಬಿ ನಿರ್ಧಾರ ಮಾಡಬೇಡಿ.

ಮೀನಿನ ಕತೆ ಬೇರೆಯೇ. ನೀರಿನಲ್ಲಿ ಸಿಒ2 ಆಕ್ಸಿಜನ್‌ಗಿಂತ 25–30 ಪಟ್ಟು ಸುಲಭವಾಗಿ ಕರಗುತ್ತದೆ, ಕಿವಿರಿನಿಂದ ತೊಳೆದು ಹೋಗುತ್ತದೆ, ರಕ್ತದಲ್ಲಿ ಉಳಿಯುವುದು ಕೆಲವೇ ಮಿ.ಮೀ. ಅಲ್ಲಿ ಉಸಿರಿನ ಮುಖ್ಯ ಲಗಾಮು ಆಕ್ಸಿಜನ್. ಕೀಟಗಳಲ್ಲಿ ಮತ್ತೆ ಸಿಒ2: ಅದು ಏರಿದಾಗ ಮೈ ಪಕ್ಕದ ಉಸಿರುರಂಧ್ರಗಳು ತೆರೆದುಕೊಳ್ಳುತ್ತವೆ.


ಅರಿವಳಿಕೆ ಟೇಬಲ್

ಬುಲ್‌ಡಾಗ್ ಪ್ರಶ್ನೆ ಒಳ್ಳೆಯದು. ಚಪ್ಪಟೆ ಮುಖದ ತಳಿಗಳಲ್ಲಿ ಸಿಒ2 ಸರಾಸರಿ ಹೆಚ್ಚಿರುತ್ತದೆ. ದಿನಗಟ್ಟಲೆ ಹಾಗೇ ಇದ್ದರೆ ಮೂತ್ರಪಿಂಡ ಆಮ್ಲವನ್ನು ತಣಿಸುವ ಬೈಕಾರ್ಬನೇಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದು ಪೂರ್ತಿಯಾಗಲು 2–5 ದಿನ ಬೇಕು. ಮೆದುಳಿನ ದ್ರವದಲ್ಲೂ ಬೈಕಾರ್ಬನೇಟ್ ಏರುತ್ತದೆ, ಆರ್‌ಟಿಎನ್ ಸುತ್ತಲ ಪಿಎಚ್ ಮತ್ತೆ ಮಾಮೂಲಿಗೆ ಬರುತ್ತದೆ, ಸಂವೇದಕ ಸುಮ್ಮನಾಗುತ್ತದೆ. ಉಸಿರಾಟದ ಹೊಸ ಗುರಿ ಈಗ ಮೇಲಕ್ಕೆ ಸರಿದಿದೆ.

ಲೆಕ್ಕ ಹಾಕಿ ನೋಡಿ. ಪಿಎಚ್ = 6.1 + ಲಾಗ್ (ಬೈಕಾರ್ಬನೇಟ್ ÷ (0.03 × ಸಿಒ2)). ಸಿಒ2 55, ಬೈಕಾರ್ಬನೇಟ್ 30 ಇರುವ ನಾಯಿಯ ರಕ್ತದ ಪಿಎಚ್ 7.36. ಅದನ್ನು ‘ನಾರ್ಮಲ್ ಮಾಡೋಣ’ ಅಂತ 38ಕ್ಕೆ ಇಳಿಸಿದರೆ 7.52! ಆಮೇಲೆ ಬ್ಯಾಗ್ ಬಿಟ್ಟರೆ ಆ ನಾಯಿ 50 ದಾಟುವವರೆಗೂ ಉಸಿರೆಳೆಯದಿರಬಹುದು. ಇಂಥ ನಾಯಿಗೆ ಆಪರೇಷನ್‌ಗೆ ಮುಂಚೆ ಒಂದು ಬ್ಲಡ್ ಗ್ಯಾಸ್ ಪರೀಕ್ಷೆ ಮಾಡಿಸಿ. ಸಿರೆಯ ರಕ್ತವಾದರೂ ಪರವಾಗಿಲ್ಲ, ಬೈಕಾರ್ಬನೇಟ್ ಗೊತ್ತಾದರೆ ಸಾಕು. 28–30 ಬಂದರೆ ಎಂಡ್ ಟೈಡಲ್ ಗುರಿಯನ್ನು ಅದರದೇ ಮಾಮೂಲಿಯ ಹತ್ತಿರ ಇಡಿ. ಟ್ಯೂಬ್ ತೆಗೆಯುವುದನ್ನು ತಡ ಮಾಡಿ, ನಾಯಿ ಎಚ್ಚರವಾಗಿ ಟ್ಯೂಬ್ ಅಗಿಯುವವರೆಗೂ ಕಾಯಿರಿ.

ಇದಕ್ಕೆ ವಿರುದ್ಧ ದಿಕ್ಕಿನ ಅಪಾಯ ಡಯಾಬಿಟಿಕ್ ಕೀಟೋಅಸಿಡೋಸಿಸ್ (ಸಕ್ಕರೆ ಕಾಯಿಲೆ ಮಿತಿಮೀರಿ ರಕ್ತದಲ್ಲಿ ಆಮ್ಲ ಹೆಚ್ಚಿರುವ) ನಾಯಿಯಲ್ಲಿ. ರಕ್ತದ ಆಮ್ಲ ಮೆದುಳಿಗೆ ಬೇಗ ದಾಟದ ಕಾರಣ ಮೊದಲು ಎಚ್ಚರಿಸುವುದು ಕರೋಟಿಡ್ ಬಾಡಿ. ನಾಯಿ ಆಳವಾಗಿ ಉಸಿರಾಡಿ ಸಿಒ2ವನ್ನು 20–25ಕ್ಕೆ ಇಳಿಸಿಕೊಂಡು ಬದುಕಿರುತ್ತದೆ. ಅದಕ್ಕೆ ಅರಿವಳಿಕೆ ಕೊಟ್ಟು ‘40 ನಾರ್ಮಲ್’ ಅಂತ ಬಿಟ್ಟರೆ ಪಿಎಚ್ 7ಕ್ಕಿಂತ ಕೆಳಗೆ ಹೋಗಬಹುದು. ಅಲ್ಲಿ ಮಾತ್ರ ನೀವು ಒತ್ತಿದ ನಿಮಿಷಕ್ಕೆ 20 ಸಲ ಸರಿಯಾಗುತ್ತಿತ್ತು. ಬೈಕಾರ್ಬನೇಟನ್ನು ಜೋರಾಗಿ ಹನಿಸುವುದೂ ಬೇಡ: ರಕ್ತದ ಪಿಎಚ್ ಏರಿ ಕರೋಟಿಡ್ ಬಾಡಿ ತಣ್ಣಗಾಗುತ್ತದೆ, ಉಸಿರು ಇಳಿದು ಸಿಒ2 ಏರುತ್ತದೆ, ಆ ಸಿಒ2 ಮೆದುಳಿಗೆ ದಾಟುತ್ತದೆ, ಬೈಕಾರ್ಬನೇಟ್ ಹೊರಗೇ ಉಳಿಯುತ್ತದೆ. ಲ್ಯಾಬ್ ರಿಪೋರ್ಟ್ ಸುಧಾರಿಸುತ್ತಿರುವ ಹೊತ್ತಿಗೆ ನಾಯಿ ಮಂಕಾಗತೊಡಗಿದರೆ ಇದನ್ನೇ ಮೊದಲು ಅನುಮಾನಿಸಿ ಡ್ರಿಪ್ ನಿಧಾನ ಮಾಡಿ.